ನಂಬಿಕೆ, ದುಡಿಮೆ ಮತ್ತು ಸಂದೇಹ: ಕನ್ನಡನಾಡಿನ ಬಾಸೆಲ್ ಮಿಶನ್ ಕ್ರೈಸ್ತರ ನಿತ್ಯಜೀವನ

ಕರ್ನಾಟಕದ ಪ್ರಾಟೆಸ್ಟೆಂಟ್ ಕ್ರೈಸ್ತರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಬಗೆಯ ಲೆಕ್ಕಗಳನ್ನು ನೆಚ್ಚಿಕೊಂಡಿದ್ದಾರೆ. ಮಿಶನರಿಗಳ ವಾರ್ಷಿಕ ವರದಿಗಳು ದೀಕ್ಷಾಸ್ನಾನ ಪಡೆದವರ ಲೆಕ್ಕವನ್ನು ಒದಗಿಸಿದರೆ, ಮುದ್ರಣಾಲಯ, ಶಾಲೆ, ಪತ್ರಿಕೆ ಮತ್ತು ನಿಘಂಟುಗಳ ಇತಿಹಾಸವು ಕನ್ನಡಕ್ಕೆ ಸಂದ ಸೇವೆಯ ಲೆಕ್ಕವನ್ನು ಒದಗಿಸುತ್ತದೆ. ಎರಡೂ ಅಗತ್ಯವಾದವುಗಳೇ. ಆದರೆ ಹೊಸ ಧರ್ಮವನ್ನು ಸ್ವೀಕರಿಸಿದ ವ್ಯಕ್ತಿಯು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದನು, ಯಾರ ಮನೆಯಲ್ಲಿ ಉಂಡನು, ಯಾವ ಕೆಲಸದಿಂದ ಹೊಟ್ಟೆ ಹೊರೆದನು, ಮಗು ಕಾಯಿಲೆ ಬಿದ್ದಾಗ ಯಾರಿಗೆ ಮೊರೆಯಿಟ್ಟನು ಎಂಬ ಪ್ರಶ್ನೆಗಳು ಈ ಎರಡು ಲೆಕ್ಕಗಳಲ್ಲಿಯೂ ಸೇರುವುದಿಲ್ಲ. ನಂಬಿಕೆಯು ಪರೀಕ್ಷೆಗೆ ಒಳಗಾದುದು ಮಾತ್ರ ಇಂತಹ ದಿನನಿತ್ಯದ ಸಂಗತಿಗಳಲ್ಲಿಯೇ. ಪ್ರಸ್ತುತ ಲೇಖನವು ಬಾಸೆಲ್ ಮಿಶನ್ನಿನ ಕಾರ್ಯಕ್ಷೇತ್ರವಾಗಿದ್ದ ದಕ್ಷಿಣ ಕನ್ನಡ, ಕೊಡಗು ಮತ್ತು ಧಾರವಾಡ ಪ್ರಾಂತಗಳನ್ನು ಆಧರಿಸಿ ಈ ಪ್ರಶ್ನೆಗಳನ್ನು ಪರಿಶೀಲಿಸುವ ಒಂದು ಪ್ರಯತ್ನವಾಗಿದೆ. ಗೋವೆಯಿಂದ ವಲಸೆ ಬಂದು ಕರಾವಳಿಯಲ್ಲಿ ಬಹುಕಾಲದಿಂದ ನೆಲೆಸಿದ್ದ ಕೊಂಕಣಿ ಕೆಥೋಲಿಕರ ಚರಿತ್ರೆ ಬೇರೆಯೇ ಆದುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

1. ಮನೆಯ ಹೊಸ್ತಿಲು

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಮಿಶನ್ನಿನ ಮೊದಲ ಮೂವರು ಮಿಶನರಿಗಳಾದ ಸ್ಯಾಮ್ಯುವೆಲ್ ಹೆಬಿಕ್, ಯೋಹಾನ್ ಲೇನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ 1834ರ ಅಕ್ಟೋಬರದಲ್ಲಿ ಮಂಗಳೂರನ್ನು ತಲುಪಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದನು. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥವು ಇವರ ಹಿನ್ನೆಲೆಯಾಗಿದ್ದಿತು. ಪಾಪಪ್ರಜ್ಞೆ, ವೈಯಕ್ತಿಕ ಪರಿವರ್ತನೆ, ಬೈಬಲ್ಲಿನ ನಿತ್ಯಪಠಣ ಮತ್ತು ಶಿಸ್ತಿನ ದುಡಿಮೆ ಆ ಪಂಥದ ಮುಖ್ಯ ಲಕ್ಷಣಗಳು. ಅಲ್ಲಿ ನಂಬಿಕೆಯು ಒಬ್ಬೊಬ್ಬ ವ್ಯಕ್ತಿಯ ಅಂತರಂಗದ ನಿರ್ಧಾರವಾಗಿದ್ದಿತು. ಇಲ್ಲಿಯಾದರೋ ಕುಲ, ಕುಟುಂಬ ಮತ್ತು ಜಾತಿಗಳ ಹೆಣಿಗೆಯಿಂದ ವ್ಯಕ್ತಿಯೊಬ್ಬನನ್ನು ಬಿಡಿಸಿ ನೋಡುವುದೇ ಕಷ್ಟವಾಗಿದ್ದಿತು. ಮುಂದಿನ ಬಹುಪಾಲು ಸಂಕಟಗಳ ಮೂಲ ಈ ವ್ಯತ್ಯಾಸದಲ್ಲಿದೆ.

ಆನಂದರಾವ್ ಕೌಂಡಿನ್ಯನ (1825-1893) ಬದುಕು ಇದಕ್ಕೆ ಸ್ಪಷ್ಟ ನಿದರ್ಶನ. ಸಾರಸ್ವತ ಬ್ರಾಹ್ಮಣ ಕುಟುಂಬದ ಈ ತರುಣನು ಮೋಗ್ಲಿಂಗನ ಶಾಲೆಯ ವಿದ್ಯಾರ್ಥಿಯಾಗಿದ್ದು, 1844ರ ಜನವರಿಯಲ್ಲಿ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಪಡೆದನು. ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದನು. ಹಳೆಯ ಹೆಸರನ್ನು ಪೂರ್ಣವಾಗಿ ಕೈಬಿಡದೆ ಗೋತ್ರಸೂಚಕವಾದ ಕೌಂಡಿನ್ಯ ಎಂಬುದನ್ನು ಕೊನೆಯವರೆಗೂ ಉಳಿಸಿಕೊಂಡುದು ಗಮನಾರ್ಹ. 1846ರಲ್ಲಿ ಬಾಸೆಲ್ಲಿಗೆ ಹೋಗಿ ದೇವಜ್ಞಾನಶಾಸ್ತ್ರವನ್ನು ಅಭ್ಯಾಸಮಾಡಿ, 1851ರಲ್ಲಿ ದೀಕ್ಷಿತ ಮಿಶನರಿಯಾಗಿ ಮರಳಿದನು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಆತನಿಗೆ ಆಗಲೇ ವಿವಾಹವಾಗಿತ್ತು. ಪತ್ನಿಯು ಪತಿಯ ಹೊಸ ಧರ್ಮವನ್ನು ಅನುಸರಿಸಲಿಲ್ಲ. ಆತನೊಂದಿಗೆ ಬಾಳಲು ಬರಲಿಲ್ಲ. 1860ರಲ್ಲಿ ಆತನು ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದನು. ಮಿಶನ್ನಿನ ಬರಹಗಳಲ್ಲಿ ಕೌಂಡಿನ್ಯನ ತ್ಯಾಗವು ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ತಾನು ಆರಿಸಿಕೊಳ್ಳದ ಬದಲಾವಣೆಯ ಭಾರವನ್ನು ಹೊತ್ತ ಆ ಮೊದಲ ಪತ್ನಿಯ ಬದುಕು ಮಾತ್ರ ಚರಿತ್ರೆಯ ಅಂಚಿನಲ್ಲಿಯೇ ಉಳಿಯಿತು. ಮತಾಂತರವನ್ನು ಕೇವಲ ಒಬ್ಬನ ಆತ್ಮಕಥೆಯಾಗಿ ಓದುವ ಕ್ರಮದ ಮಿತಿ ಇಲ್ಲಿ ಕಾಣುತ್ತದೆ. ಒಬ್ಬರ ನಂಬಿಕೆಯು ಇನ್ನೊಬ್ಬರ ವಿಯೋಗವೂ ಆಗಬಹುದಾಗಿದ್ದ ಕಾಲವದು.

ಈ ಸಮಸ್ಯೆಗಳು ಖಾಸಗಿಯಾಗಿ ಉಳಿಯದೆ ಕಾನೂನಿನ ಪರಿಧಿಗೂ ಬಂದವು. ಧರ್ಮ ಬದಲಿಸಿದವರು ಅಥವಾ ಜಾತಿಯಿಂದ ಬಹಿಷ್ಕೃತರಾದವರು ಆಸ್ತಿಯ ಹಕ್ಕನ್ನು ಕಳೆದುಕೊಳ್ಳದಂತೆ 1850ರ 21ನೆಯ ಕಾಯ್ದೆಯು ರಕ್ಷಣೆ ನೀಡಿತು. ಕ್ರೈಸ್ತನಾದ ಕಾರಣಕ್ಕೆ ಸಂಗಾತಿಯು ತೊರೆದುಹೋದಲ್ಲಿ ವಿವಾಹವನ್ನು ಬರಖಾಸ್ತುಗೊಳಿಸಲು 1866ರ ಕಾಯ್ದೆಯು ಅವಕಾಶ ಕಲ್ಪಿಸಿತು. ಆದರೆ ಕಾಯ್ದೆಯು ಪಾಲನ್ನು ಕೊಡಿಸಬಲ್ಲುದಾಗಿತ್ತೇ ಹೊರತು ಪಂಕ್ತಿಯಲ್ಲಿ ಎಲೆಯನ್ನು ಹಾಕಿಸಬಲ್ಲುದಾಗಿರಲಿಲ್ಲ.

2. ದುಡಿಮೆಯೆಂಬ ಆರಾಧನೆ

ಕೌಂಡಿನ್ಯನಂತಹ ವಿದ್ಯಾವಂತರ ಸಂಖ್ಯೆ ಅಲ್ಪವಾಗಿದ್ದಿತು. ದಕ್ಷಿಣ ಕನ್ನಡದ ಸಭೆಗಳಲ್ಲಿ ಪ್ರಮುಖವಾಗಿ ಸೇರಿದವರು ಬಿಲ್ಲವರು. ಅವರಲ್ಲಿ ಅನೇಕರ ಜೀವನೋಪಾಯ ಮೂರ್ತೆದಾರಿಕೆ, ಅಂದರೆ ತೆಂಗು ತಾಳೆಗಳಿಂದ ಕಳ್ಳು ಇಳಿಸುವ ವೃತ್ತಿ. ಮಿಶನ್ನಿನ ನೈತಿಕ ದೃಷ್ಟಿಯಲ್ಲಿ ಈ ವೃತ್ತಿಯು ಕ್ರೈಸ್ತನಿಗೆ ಸಲ್ಲದು. ಗೇಣಿಯ ಭೂಮಿಯನ್ನು ಸಾಗುವಳಿ ಮಾಡುತ್ತಿದ್ದವರು ಒಡೆಯನ ಕೃಪೆಯನ್ನು ಕಳೆದುಕೊಳ್ಳುವ ಭಯವೂ ಇದ್ದಿತು. ಬಿಲ್ಲವರು ಅಳಿಯಸಂತಾನ ಪದ್ಧತಿಯವರಾದುದರಿಂದ ಆಸ್ತಿಯು ತಾಯಿಯ ಕಡೆಯಿಂದ ಹರಿದು ಬರುತ್ತಿದ್ದಿತು. ಸಭೆಯು ಆದರ್ಶವೆಂದು ಮುಂದಿಟ್ಟ ಕುಟುಂಬದಲ್ಲಿ ತಂದೆಯೇ ಯಜಮಾನನು. ಹೀಗೆ ದೀಕ್ಷಾಸ್ನಾನವೆಂಬ ಒಂದು ಕ್ರಿಯೆಯಿಂದ ಕಸುಬು, ನೆಲ, ಬಂಧುತ್ವ ಮೂರೂ ಅಲುಗಾಡಿದವು.

ಬಾಸೆಲ್ ಮಿಶನ್ನಿನ ಉದ್ಯಮಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಧರ್ಮಪ್ರಚಾರಕ್ಕೆ ಬಂದವರು ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ಕಟ್ಟಿದುದು ಲಾಭದ ಯೋಜನೆಯಿಂದಲ್ಲ, ಅನ್ನದ ಪ್ರಶ್ನೆಯಿಂದ. 1851ರಲ್ಲಿ ಮಂಗಳೂರಿಗೆ ಬಂದ ನೇಕಾರ ಮಿಶನರಿ ಹಾಲರ್ ನೇಯ್ಗೆಯ ಕೆಲಸಕ್ಕೆ ಹೊಸ ಮಗ್ಗಗಳನ್ನು ತಂದನು. ಖಾಕಿ ಬಣ್ಣದ ಬಟ್ಟೆಯ ಇತಿಹಾಸದಲ್ಲಿಯೂ ಆತನ ಹೆಸರು ಸೇರಿದೆ. 1865ರಲ್ಲಿ ಗೇಯಾರ್ಗ್ ಪ್ಲೆಬ್ಸ್ಟನು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನದಿಯ ಜೇಡಿಮಣ್ಣನ್ನು ತಂದು, ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಡುವ ಈ ಕೆಲಸವು ಮೊದಲು ಎತ್ತುಗಳ ಬಲದಿಂದಲೂ ಬಳಿಕ ಉಗಿಯಂತ್ರದಿಂದಲೂ ನಡೆಯಿತು. ಮುಳಿಹುಲ್ಲಿನ ಮಾಡುಗಳಿದ್ದ ನಾಡಿನಲ್ಲಿ ಮಂಗಳೂರು ಹಂಚು ಮನೆಮಾತಾಯಿತು.

ಕಾರ್ಖಾನೆಯು ಕೂಲಿಯನ್ನಷ್ಟೇ ಅಲ್ಲದೆ ಹೊಸ ಕಾಲಗಣನೆಯನ್ನೂ ಕೊಟ್ಟಿತು. ಗಂಟೆಯ ಸದ್ದಿಗೆ ಕೆಲಸಕ್ಕೆ ಬರುವುದು, ಕೆಲಸದ ಮೊದಲು ಪ್ರಾರ್ಥನೆ ಮಾಡುವುದು, ಆದಿತ್ಯವಾರ ವಿಶ್ರಮಿಸಿ ಆರಾಧನೆಗೆ ಹೋಗುವುದು, ಕೂಲಿಯಲ್ಲಿ ಒಂದಂಶವನ್ನು ಉಳಿಸುವುದು ಇವೆಲ್ಲ ಕ್ರೈಸ್ತ ನಡವಳಿಕೆಯ ಭಾಗವೆಂದೇ ಎಣಿಸಲ್ಪಟ್ಟವು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಮಾಡಿನ ಕೆಳಗೆ ಒಂದೇ ಮಣ್ಣನ್ನು ಮುಟ್ಟಿ ದುಡಿದರು. ಸಮಾನತೆಯ ಕುರಿತ ಉಪದೇಶಕ್ಕಿಂತ ಈ ಸಹಕೆಲಸವು ಹೆಚ್ಚಿನ ಪರಿಣಾಮವನ್ನು ಮಾಡಿರಬೇಕೆಂದು ಊಹಿಸಲು ಅವಕಾಶವಿದೆ. ಕೊಡಗಿನಲ್ಲಿ ಮೋಗ್ಲಿಂಗ್ ಮತ್ತು ಕೌಂಡಿನ್ಯರ ಪ್ರಯತ್ನದಿಂದ 1850ರ ದಶಕದಲ್ಲಿ ರೂಪುಗೊಂಡ ಆನಂದಪುರವು ಜೀತದ ಹಿನ್ನೆಲೆಯ ಹೊಲೆಯ ಕುಟುಂಬಗಳಿಗೆ ನೆಲೆಯನ್ನು ಒದಗಿಸಿತು. ಅವರ ಪಾಲಿಗೆ ಹೊಸ ನಂಬಿಕೆಯ ಮೊದಲ ಅರ್ಥ ತಮ್ಮದೇ ಆದ ಒಂದು ಮನೆ.

3. ಸಂದೇಹದ ಎರಡು ಮುಖಗಳು

ನಂಬಿಕೆ ಮತ್ತು ಜೀವನೋಪಾಯಗಳು ಹೀಗೆ ಬೆಸೆದುಕೊಂಡುದರಿಂದ ಒಂದು ಸಂದೇಹವು ಅನಿವಾರ್ಯವಾಗಿ ಹುಟ್ಟಿತು. ಜನರು ಕ್ರಿಸ್ತನಿಗಾಗಿ ಬಂದರೋ, ಕೂಲಿಗಾಗಿ ಬಂದರೋ? ಈ ಪ್ರಶ್ನೆಯನ್ನು ಹೊರಗಿನ ಟೀಕಾಕಾರರಷ್ಟೇ ಅಲ್ಲ, ಮಿಶನರಿಗಳೂ ಕೇಳಿಕೊಂಡರು. ಒಂದೇ ಸಂಸ್ಥೆಯು ಗುರುವೂ ಧಣಿಯೂ ಆದಾಗ, ಕೆಲಸಗಾರನ ಭಕ್ತಿಯನ್ನು ಅವನ ಅವಲಂಬನೆಯಿಂದ ಬೇರ್ಪಡಿಸಿ ನೋಡುವುದು ಸುಲಭವಾಗಿರಲಿಲ್ಲ. ಸಭೆಯ ಶಿಸ್ತಿಗೆ ಒಳಗಾದವನು ಕೆಲಸವನ್ನೂ ಕಳೆದುಕೊಳ್ಳುವ ಸಂಭವವಿದ್ದಲ್ಲಿ, ತೋರಿಕೆಯ ಭಕ್ತಿಗೆ ಕಾರಣಗಳು ಇದ್ದೇ ಇರುತ್ತವೆ.

ಆದರೆ ಈ ಪ್ರಶ್ನೆಯ ಸ್ವರೂಪವನ್ನೇ ಮರುಪರಿಶೀಲಿಸಬೇಕಾಗಿದೆ. ಆತ್ಮ ಮತ್ತು ಅನ್ನಗಳನ್ನು ಪ್ರತ್ಯೇಕಿಸಿ, ಒಂದು ಶುದ್ಧ, ಇನ್ನೊಂದು ಅಶುದ್ಧ ಎಂದು ಭಾವಿಸುವುದು ಹೊಟ್ಟೆ ತುಂಬಿದವರ ತರ್ಕವಾಗಬಲ್ಲುದು. ಮಾನವನ್ನು ಕಳೆದುಕೊಂಡು ಬದುಕಿದವನಿಗೆ ಮರ್ಯಾದೆಯ ದುಡಿಮೆಯು ಧರ್ಮದ ಹೊರಗಿನ ವಸ್ತುವಾಗಿರಲಿಲ್ಲ.

ಎರಡನೆಯ ಸಂದೇಹವು ಮನೆಯೊಳಗಿನದು. ತುಳುನಾಡಿನಲ್ಲಿ ಭೂತಾರಾಧನೆಯು ಕುಟುಂಬ, ಭೂಮಿ, ಆರೋಗ್ಯ ಮತ್ತು ನ್ಯಾಯಗಳೆಲ್ಲವನ್ನೂ ಒಳಗೊಂಡ ವ್ಯವಸ್ಥೆ. ಕುಟುಂಬದ ದೈವವನ್ನು ಬಿಟ್ಟವನಿಗೆ ಮೊದಲ ಮಳೆಗಾಲದ ಜ್ವರವೇ ಪರೀಕ್ಷೆಯಾಗುತ್ತಿದ್ದಿತು. ಮಗು ಕಾಯಿಲೆ ಬಿದ್ದರೆ, ಹಸು ಸತ್ತರೆ, ಇದು ದೈವದ ಮುನಿಸೆಂದು ನೆರೆಹೊರೆಯವರು ಹೇಳುವುದು ಸಹಜ. ಆ ಹೊತ್ತಿನಲ್ಲಿ ಹಳೆಯ ಹರಕೆಯನ್ನು ಸಲ್ಲಿಸಿದವರನ್ನು ಸಭೆಯು ಜಾರಿಬಿದ್ದವರೆಂದು ಬಗೆದು ಪಶ್ಚಾತ್ತಾಪವನ್ನು ಕೇಳಿತು. ಇಂದಿನ ಸಂಶೋಧಕರು ಇದನ್ನು ನಂಬಿಕೆಯ ಸೋಲೆಂದು ತೀರ್ಮಾನಿಸಬೇಕಾಗಿಲ್ಲ. ಎರಡು ಲೋಕಗಳ ನಡುವೆ ನಿಂತ ತಂದೆತಾಯಿಯರ ಕಳವಳವು ಅಲ್ಲಿದೆ. ಹೋಗಿ ಮರಳಿ ಬಂದವರ ನಂಬಿಕೆಯು ಒಮ್ಮೆಯೂ ಅಲುಗದವರ ನಂಬಿಕೆಗಿಂತ ಕಡಿಮೆಯದೆಂದು ಹೇಳಲು ಆಧಾರವಿಲ್ಲ.

4. ಪ್ರಾರ್ಥನೆಯ ನುಡಿ

ನಿತ್ಯದ ನಂಬಿಕೆಗೆ ನಿತ್ಯದ ನುಡಿ ಬೇಕು. ಗ್ರೈನರನ ತುಳು ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿ ಮುದ್ರಿತವಾಯಿತು. 1886ರಲ್ಲಿ ಮ್ಯಾನರನ ತುಳು ನಿಘಂಟು ಬಂದಿತು. ಮನೆಯ ಮಾತಿನಲ್ಲಿಯೇ ದೇವರನ್ನು ಕರೆಯುವ ಅವಕಾಶವು ಅಕ್ಷರದಿಂದ ದೂರವಿದ್ದವರಿಗೆ ದೊರೆತುದು ಸಣ್ಣ ಸಂಗತಿಯಲ್ಲ. ಆದರೂ ಸಭೆಯ ಹಾಡುಗಳಲ್ಲಿ ಜರ್ಮನ್ ರಾಗಗಳಿಗೆ ದೇಶಭಾಷೆಯ ಶಬ್ದಗಳನ್ನು ಹೊಂದಿಸುವ ಪದ್ಧತಿ ಬಹುಕಾಲ ನಡೆಯಿತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಇದಕ್ಕೆ ಬೇರೊಂದು ದಾರಿಯನ್ನು ಹುಡುಕಿದನು. 1862ರ ಆತನ 'ಕಥಾಮಾಲೆ'ಯು ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿತು. ನಾಗವರ್ಮನ ಛಂದಸ್ಸಿನ ಸಂಪಾದನೆ (1875) ಮತ್ತು 1894ರ ನಿಘಂಟು ಈ ಒಲವಿನ ಮುಂದುವರಿಕೆಯೇ ಆಗಿವೆ. ಕಿಟೆಲ್ಲನ ಪಾಂಡಿತ್ಯವನ್ನು ಆತನ ಧರ್ಮಶ್ರದ್ಧೆಯಿಂದ ಬೇರೆಮಾಡಿ ನೋಡುವುದು ವಾಡಿಕೆ. ವಾಸ್ತವವಾಗಿ, ಜನರ ನುಡಿಯನ್ನು ಆಳವಾಗಿ ತಿಳಿಯದೆ ಅವರೊಡನೆ ದೇವರ ಮಾತನ್ನಾಡುವುದು ಹೇಗೆಂಬ ಪ್ರಶ್ನೆಯೇ ಆತನನ್ನು ಪಾಂಡಿತ್ಯದ ಕಡೆಗೆ ಒಯ್ದಿತು.

5. ಆಸರೆ ಕಳಚಿದ ಕಾಲ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಶತ್ರುರಾಷ್ಟ್ರದ ಪ್ರಜೆಗಳೆನಿಸಿದರು. ಅವರನ್ನು ಬಂಧನದಲ್ಲಿರಿಸಿ ಬಳಿಕ ಸ್ವದೇಶಕ್ಕೆ ಕಳುಹಿಸಲಾಯಿತು. ಉದ್ಯಮಗಳು ಸರಕಾರದ ವಶವಾಗಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸುಮಾರು ಎಂಬತ್ತು ವರ್ಷ ಗುರುವೂ ಧಣಿಯೂ ಆಗಿದ್ದ ಸಂಸ್ಥೆ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು.

ಕೂಲಿಗಾಗಿ ಮಾತ್ರ ಬಂದವರಾಗಿದ್ದರೆ ಸಭೆಗಳು ಈ ಹೊತ್ತಿನಲ್ಲಿ ಚದುರಿಹೋಗಬೇಕಾಗಿತ್ತು. ಹಾಗೆ ಆಗಲಿಲ್ಲ. ದೇಶೀಯ ಸಭಾಪಾಲಕರು, ಉಪದೇಶಿಗಳು ಮತ್ತು ಸಭಾಹಿರಿಯರು ಆರಾಧನೆ, ಶಾಲೆ, ಮದುವೆ, ಶವಸಂಸ್ಕಾರಗಳನ್ನು ನಡೆಸಿಕೊಂಡು ಹೋದರು. ಹಿಂದೆ ಎತ್ತಿದ ಸಂದೇಹಕ್ಕೆ ವಾದದಿಂದ ದೊರೆಯದ ಉತ್ತರವು ಇಲ್ಲಿ ಆಚರಣೆಯಿಂದ ದೊರೆಯಿತೆನ್ನಬಹುದು. 1947ರ ಸೆಪ್ಟೆಂಬರ 27ರಂದು ದಕ್ಷಿಣ ಭಾರತ ಸಭೆಯು ಅಸ್ತಿತ್ವಕ್ಕೆ ಬಂದಾಗ ದಕ್ಷಿಣ ಕನ್ನಡದ ಸಭೆಗಳು ಅದರ ಅಂಗವಾದವು.

6. ಉತ್ತಂಗಿಯವರ ದಾರಿ

ಪರಿವರ್ತನೆಯ ಮೊದಲ ತಲೆಮಾರಿಗೆ ಅಗಲಿಕೆಯೇ ನಂಬಿಕೆಯ ಗುರುತಾಗಿದ್ದರೆ, ಮುಂದಿನ ತಲೆಮಾರಿಗೆ ಮರಳಿ ಸಂಬಂಧವನ್ನು ಕಟ್ಟಿಕೊಳ್ಳುವುದು ಅಗತ್ಯವೆನಿಸಿತು. ರೆವರೆಂಡ್ ಚನ್ನಪ್ಪ ಉತ್ತಂಗಿಯವರು (1881-1962) ಇದರ ಶ್ರೇಷ್ಠ ಪ್ರತಿನಿಧಿ. ಧಾರವಾಡದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಜ್ಞಾನಶಾಸ್ತ್ರವನ್ನು ಕಲಿತು, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ಸೇವೆ ಸಲ್ಲಿಸಿದ ಅವರು, ಹಳ್ಳಿಗಳಲ್ಲಿ ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಅವರ ಕೃತಿಯ ಶೀರ್ಷಿಕೆಯೇ ಒಂದು ನಿಲುವನ್ನು ಸೂಚಿಸುತ್ತದೆ. ಅಲ್ಲಿರುವುದು ಆಜ್ಞೆಯಲ್ಲ, ವಿನಂತಿ. ಶರಣರ ವಚನಗಳ ಅಧ್ಯಯನಕ್ಕೂ ಅನುಭವಮಂಟಪದ ಐತಿಹಾಸಿಕತೆಯ ಚರ್ಚೆಗೂ ಅವರು ತಮ್ಮ ಇಳಿವಯಸ್ಸನ್ನು ಮೀಸಲಿಟ್ಟರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯು ಅವರಿಗೆ ಸಂದಿತು.

ಉತ್ತಂಗಿಯವರು ಕ್ರೈಸ್ತಧರ್ಮವನ್ನು ಬಿಟ್ಟವರಲ್ಲ, ಅದನ್ನು ಸಡಿಲಗೊಳಿಸಿದವರೂ ಅಲ್ಲ. ಆದರೆ ಕ್ರೈಸ್ತನಾಗಲು ನಾಡಿನ ಪರಂಪರೆಗೆ ಪರಕೀಯನಾಗಬೇಕೆಂಬ ಕಟ್ಟನ್ನು ಅವರು ಒಪ್ಪಲಿಲ್ಲ. ಕೌಂಡಿನ್ಯನು ಗೋತ್ರದ ಹೆಸರಿನಲ್ಲಿ ಮಾತ್ರ ಉಳಿಸಿಕೊಂಡುದನ್ನು ಉತ್ತಂಗಿಯವರು ಬದುಕಿನ ಕಾಯಕದಲ್ಲಿ ಪಡೆದುಕೊಂಡರು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮತಾಂತರವು ದೀಕ್ಷಾಸ್ನಾನದ ದಿನಾಂಕದಲ್ಲಿ ಮುಗಿಯುವ ಘಟನೆಯಲ್ಲ. ಅದು ಹಲವು ತಲೆಮಾರುಗಳಲ್ಲಿ ಕಸುಬು, ಕುಟುಂಬ, ನುಡಿ ಮತ್ತು ಆಚರಣೆಗಳ ಮೂಲಕ ನಡೆಯುವ ದೀರ್ಘ ಪ್ರಕ್ರಿಯೆ. ಸಂದೇಹವು ಈ ಪ್ರಕ್ರಿಯೆಯ ಶತ್ರುವಾಗಿರದೆ ಅದರ ಒಡನಾಡಿಯಾಗಿದ್ದಿತು. ಆಸರೆ ಕೊಟ್ಟ ಸಂಸ್ಥೆಯೇ ಸಂದೇಹಕ್ಕೆ ಕಾರಣವಾಯಿತು. ಆಸರೆ ಕಳಚಿದ ದಿನಗಳು ಅದನ್ನು ಪರಿಹರಿಸಿದವು.

ಬಾಸೆಲ್ಲಿನ ಪತ್ರಾಗಾರದಲ್ಲಿಯೂ ಮಂಗಳೂರು ಬಲ್ಮಠದ ಸಂಗ್ರಹದಲ್ಲಿಯೂ ಮಿಶನರಿಗಳ ಕೈಬರಹಗಳು ವಿಪುಲವಾಗಿವೆ. ಸಭೆಗಳ ದಾಖಲೆ ಪುಸ್ತಕಗಳು, ಮನೆತನಗಳ ನೆನಪುಗಳು, ಸಮಾಧಿಕಲ್ಲುಗಳು, ಹೆಂಗಸರು ಹಾಡಿಕೊಂಡು ಬಂದ ಗೀತೆಗಳು ಅದೇ ಮಟ್ಟದ ಗಮನವನ್ನು ಬೇಡುತ್ತವೆ. ನೆನಪಿಟ್ಟುಕೊಂಡಿರುವ ಹಿರಿಯರು ಇರುವಾಗಲೇ ಇವುಗಳನ್ನು ದಾಖಲಿಸುವ ಕೆಲಸ ನಡೆಯಬೇಕಾಗಿದೆ. ಹಂಚಿನ ಮೇಲೆ ಮಿಶನ್ನಿನ ಮುದ್ರೆಯು ಈಗಲೂ ಹಳೆಯ ಮನೆಗಳಲ್ಲಿ ಓದಸಿಗುತ್ತದೆ. ಆ ಹಂಚನ್ನು ಒತ್ತಿದ ಕೈಗಳ ಚರಿತ್ರೆಯು ಇನ್ನೂ ಬರೆಯಲ್ಪಡಬೇಕಾಗಿದೆ.