ಕೃತಕ ಬುದ್ಧಿಮತ್ತೆ ಮತ್ತು ಉದ್ಯೋಗ ಕಳೆದುಕೊಳ್ಳುವ ಭೀತಿ: ಕಾರ್ಮಿಕರ ಮಾಹಿತಿಗಾಗಿ

ಅಂಕೋಲಾ ತಾಲ್ಲೂಕಿನ ಹಟ್ಟಿಕೇರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಟೋಲ್ ನಾಕಾ ಇರುತ್ತದೆ. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ದೇಶದ ರಾಷ್ಟ್ರೀಯ ಹೆದ್ದಾರಿ ನಾಕಾಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ತರುವಾಯ, ಕಿಟಕಿಯಲ್ಲಿ ಕುಳಿತು ಹಣ ಪಡೆದು ಚಿಲ್ಲರೆ ಕೊಡುವ ಕೆಲಸವು ಬಹುಮಟ್ಟಿಗೆ ಕಡಿಮೆಯಾಗಿರುತ್ತದೆ. ವಾಹನದ ನಂಬರ್ ಪ್ಲೇಟನ್ನು ಕ್ಯಾಮೆರಾವೇ ಓದುವ, ತಡೆಗಂಬವಿಲ್ಲದ ವಸೂಲಿ ವ್ಯವಸ್ಥೆಗೆ 2025ರ ಆಗಸ್ಟ್‌ನಲ್ಲಿ ಗುಜರಾತಿನ ಚೋರ್ಯಾಸಿ ನಾಕಾಕ್ಕಾಗಿ ಒಪ್ಪಂದವಾಗಿದೆ. ಇಂತಹ ಸುದ್ದಿಯು ನಾಕಾ, ಬ್ಯಾಂಕು, ಕಚೇರಿಗಳ ನೌಕರರಲ್ಲಿ ಆತಂಕ ಮೂಡಿಸುವುದು ಸಹಜ.

ಉದ್ಯೋಗದ ಅಭದ್ರತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಮಾನಸಿಕ ಆರೋಗ್ಯಕ್ಕೆ ಅಪಾಯಕಾರಿ ಅಂಶವೆಂದು ಗುರುತಿಸಿದೆ. ಕೆಲಸ ಹೋಗುವ ಮೊದಲೇ ಅದರ ಭಯವು ನಿದ್ರೆಯನ್ನು ಕೆಡಿಸುತ್ತದೆ. ಭೀತಿಗೊಳಗಾದ ನೌಕರನು ಅನಾರೋಗ್ಯವಿದ್ದರೂ ರಜೆ ಪಡೆಯುವುದಿಲ್ಲ. ತನಗೆ ತಿಳಿದ ಕೆಲಸವನ್ನು ಸಹೋದ್ಯೋಗಿಗೆ ಕಲಿಸಲು ಹಿಂಜರಿಯುತ್ತಾನೆ. ಹೊಸ ಯಂತ್ರದ ತರಬೇತಿಯಿಂದಲೂ ದೂರ ಉಳಿಯುತ್ತಾನೆ. ಎಲ್ಲಕ್ಕಿಂತ ಹಾನಿಕರವಾದುದು, "ಹೇಗೂ ತೆಗೆಯುತ್ತಾರೆ" ಎಂದು ತಾನಾಗಿಯೇ ರಾಜೀನಾಮೆ ಬರೆದುಕೊಡುವುದು. ಅದರಿಂದ ಕಾನೂನುಬದ್ಧ ಪರಿಹಾರವೇ ಕೈತಪ್ಪುತ್ತದೆ.

ರಾಜ್ಯದಲ್ಲಿ ಇಂತಹ ಭೀತಿ ಹೊಸದಲ್ಲ. 2000ದ ಸುಮಾರಿಗೆ ಭೂಮಿ ಯೋಜನೆಯಡಿ ಪಹಣಿಗಳನ್ನು ಗಣಕೀಕರಣಗೊಳಿಸಿ ಕೈಬರಹದ ಪಹಣಿಯನ್ನು ರದ್ದುಪಡಿಸಿದಾಗ ಸುಮಾರು 9,000 ಗ್ರಾಮ ಲೆಕ್ಕಿಗರಲ್ಲಿ ಅಸಮಾಧಾನವಿತ್ತು. ಅವರು ಕಳೆದುಕೊಂಡದ್ದು ಪಹಣಿ ಬರೆದುಕೊಡುವ ಏಕಸ್ವಾಮ್ಯವನ್ನು, ಹುದ್ದೆಯನ್ನಲ್ಲ. ಆ ಹುದ್ದೆಯು ಇಂದು ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಆದರೆ ಅವರು ಖಾಯಂ ಸರ್ಕಾರಿ ನೌಕರರು. ಗುತ್ತಿಗೆ ಕಾರ್ಮಿಕರಿಗೆ ಇದೇ ಉದಾಹರಣೆ ತೋರಿಸಿ ಧೈರ್ಯ ಹೇಳುವುದು ಸರಿಯಾಗಲಾರದು. ಅವರಿಗೆ ಆಧಾರ ಕಾನೂನು ಮಾತ್ರ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ, ಕಾರ್ಮಿಕರ ಕಡಿತಕ್ಕೆ ಕಾರಣವಾಗಬಹುದಾದ ತಾಂತ್ರಿಕ ಸುಧಾರಣೆಯನ್ನು ಜಾರಿಗೊಳಿಸುವ ಮುನ್ನ ಮಾಲೀಕರು ಸಾಮಾನ್ಯವಾಗಿ 21 ದಿನಗಳ ಸೂಚನೆ ನೀಡತಕ್ಕದ್ದು. ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕರನ್ನು ಹಿಂಬಡ್ತಿಯಲ್ಲ, ಕೆಲಸದಿಂದಲೇ ಕಡಿತಗೊಳಿಸುವಾಗ ಒಂದು ತಿಂಗಳ ಲಿಖಿತ ನೋಟೀಸು ಅಥವಾ ಅದರ ಬದಲು ವೇತನ, ಹಾಗೂ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಇದಲ್ಲದೆ ಮರುಕೌಶಲ್ಯ ನಿಧಿಯ ಮೂಲಕ 15 ದಿನಗಳ ವೇತನದಷ್ಟು ಮೊತ್ತವು 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಜಮೆಯಾಗಬೇಕು. ಒಂದು ವರ್ಷದೊಳಗೆ ಹೊಸಬರನ್ನು ನೇಮಿಸಿಕೊಳ್ಳುವುದಾದರೆ ಕಡಿತಗೊಂಡವರಿಗೆ ಆದ್ಯತೆ ಇರುತ್ತದೆ. ಸ್ವಇಚ್ಛೆಯಿಂದ ರಾಜೀನಾಮೆ ನೀಡಿದವರಿಗೆ ಇವು ಅನ್ವಯಿಸುವುದಿಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಸಂಹಿತೆಯ ವ್ಯಾಖ್ಯೆಯಂತೆ ಕಾರ್ಮಿಕರಲ್ಲ ಎಂಬುದನ್ನೂ ಗಮನಿಸುವುದು.

ದೂರು ಸಲ್ಲಿಸುವವರು ನೇಮಕಾತಿ ಪತ್ರ, ವೇತನ ಚೀಟಿ, ಹಾಜರಾತಿಯ ದಾಖಲೆ ಮತ್ತು ಭವಿಷ್ಯ ನಿಧಿ ಸಂಖ್ಯೆಯೊಂದಿಗೆ ಕಾರವಾರದ ಕಾರ್ಮಿಕ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಗುತ್ತಿಗೆದಾರರ ಮೂಲಕ ದುಡಿಯುವವರು ವೇತನ ಯಾರ ಹೆಸರಿನಿಂದ ಬರುತ್ತಿದೆ ಎಂಬುದನ್ನು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಕೆಲಸ ಹೋದ ಮೇಲೆ ಹಾಜರಾತಿ ಪುಸ್ತಕ ಕೈಗೆ ಸಿಗುವುದು ಕಷ್ಟ. ನಿದ್ರಾಹೀನತೆ, ಆತಂಕ ಹೆಚ್ಚಿದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.