ಸಾಂಬಾ ಏಕೆ ಏಳುವುದಿಲ್ಲ?

ಫೈಲ್ ಹಂಚುವ ಸರ್ವರ್ ಕೈಕೊಟ್ಟಾಗ ತೆರೆಯ ಮೇಲೆ ಮೂಡುವುದು ಒಂದೇ ಸಾಲು: ಸೇವೆ ಆರಂಭವಾಗಲಿಲ್ಲ. ಲಿನಕ್ಸ್ ಯಂತ್ರದ ಫೈಲುಗಳನ್ನು ವಿಂಡೋಸ್ ಕಂಪ್ಯೂಟರುಗಳಿಗೆ ತೆರೆದಿಡುವ ಸಾಂಬಾ ತಂತ್ರಾಂಶದಲ್ಲಿ ಈ ಸಾಲಿನ ಹಿಂದಿರುವ ಕಾರಣಗಳು ಒಂದೇ ಕಾಲದವಲ್ಲ. ಕೆಲವು 1980ರ ದಶಕದವು, ಕೆಲವು 2012ರ ಈಚಿನವು. ಸಾಂಬಾ ಬೆಳೆದು ಬಂದ ದಾರಿ ಗೊತ್ತಿದ್ದವರಿಗೆ ದೋಷ ಬೇಗ ಸಿಗುತ್ತದೆ.

ಬೇರು ಇರುವುದು ಐಬಿಎಂನಲ್ಲಿ. ಡಾಸ್ ಕಂಪ್ಯೂಟರೊಂದು ದೂರದ ಡಿಸ್ಕಿನ ಫೈಲನ್ನು ತನ್ನದೇ ಎಂಬಂತೆ ತೆರೆಯಲೆಂದು ಬ್ಯಾರಿ ಫೈಗನ್‌ಬಾಮ್ ಅಲ್ಲಿ ಎಸ್‌ಎಂಬಿ ಎಂಬ ನಿಯಮಾವಳಿ ರೂಪಿಸಿದರು. ಅದು ನೆಟ್‌ಬಯಾಸ್ ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿತ್ತು. ನೆಟ್‌ಬಯಾಸ್ ಅನ್ನು ಟಿಸಿಪಿ-ಐಪಿ ಜಾಲದ ಮೇಲೆ ಓಡಿಸುವ ವಿಧಾನ 1987ರಲ್ಲಿ ಪ್ರಕಟವಾಯಿತು. ಅದರ ಪಾಲಿಗೆ 137, 138, 139ನೇ ಪೋರ್ಟುಗಳು ಬಂದವು. ಯೂನಿಕ್ಸ್ ಸಂಪ್ರದಾಯದಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ರೂಟ್ ಅಧಿಕಾರ ಬೇಕು. ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ಸಾಂಬಾ ಚಾಲೂ ಮಾಡಲು ಹೊರಟವರು ಇವತ್ತಿಗೂ ಮುಗ್ಗರಿಸುವುದು ಇಲ್ಲೇ.

1991ರ ಕೊನೆಯಲ್ಲಿ ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ ಎಸ್‌ಎಂಬಿಯ ಹೆಸರೇ ಗೊತ್ತಿರಲಿಲ್ಲ. ಡಿಜಿಟಲ್ ಕಂಪನಿಯ ಪಾತ್‌ವರ್ಕ್ಸ್ ತಂತ್ರಾಂಶ ಬಳಸುವ ಡಾಸ್ ಕಂಪ್ಯೂಟರು ಯೂನಿಕ್ಸ್ ಯಂತ್ರದ ಫೈಲುಗಳನ್ನು ಕಾಣಬೇಕಿತ್ತು, ಅಷ್ಟೆ. ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ಹಿಡಿದು, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆಂದು ನೋಡಿ ಅವರು ಸರ್ವರ್ ಬರೆದರು. 1992ರ ಜನವರಿಯಲ್ಲಿ ಅದನ್ನು ಹಂಚಿದರು; ಮುಂದೆ ಸಾಂಬಾ ಆದದ್ದು ಅದೇ. ಭಾಷೆ ಬಾರದವರು ಫ್ರೆಂಚ್ ಕೆಫೆಯಲ್ಲಿ ಕುಳಿತು, ಯಾರು ಏನು ಕೇಳಿದರೆ ಮೇಜಿಗೆ ಏನು ಬರುತ್ತದೆಂದು ಗಮನಿಸುತ್ತ ಭಾಷೆ ಕಲಿತಂತೆ ಎಂದು ಈ ವಿಧಾನವನ್ನು ಅವರೇ ಮುಂದೆ ವಿವರಿಸಿದರು.

ಆಗ ಸಾಂಬಾವನ್ನು ಓಡಿಸಲು ಎರಡು ದಾರಿಗಳಿದ್ದವು: ಸದಾ ಎಚ್ಚರವಿರುವ ಡೀಮನ್ ಆಗಿ, ಇಲ್ಲವೇ ಕರೆ ಬಂದಾಗಷ್ಟೇ ಎಬ್ಬಿಸುವ ಐನೆಟ್‌ಡಿ ಮೂಲಕ. ಎರಡನ್ನೂ ಒಟ್ಟಿಗೆ ಇಟ್ಟರೆ ಪೋರ್ಟನ್ನು ಐನೆಟ್‌ಡಿ ಹಿಡಿದಿರುತ್ತಿತ್ತು, ಡೀಮನ್ ಏಳಲಾಗದೆ ಸಾಯುತ್ತಿತ್ತು. ಐನೆಟ್‌ಡಿ ಮರೆಯಾದರೂ ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ದೂರು ಉಳಿದಿದೆ. ಫೈಲು ಹಂಚುವ ಡೀಮನ್ ಆದ ಎಸ್‌ಎಂಬಿಡಿಯ ಹಿಂದಿನ ಪ್ರಕ್ರಿಯೆ ಸಾಯದೆ ಕುಳಿತಿದ್ದರೂ ಅದೇ ಸಂದೇಶ ಬರುತ್ತದೆ.

ಇಂಥ ತೊಡಕುಗಳಿಂದಲೇ ಒಂದು ದುರಸ್ತಿ ಕ್ರಮ ಹುಟ್ಟಿತು. ಟ್ರಿಜೆಲ್ ಬರೆದ ರೋಗಪತ್ತೆಯ ಪಟ್ಟಿ ಸಾಂಬಾ ಜೊತೆಗೇ ಬರುತ್ತಿತ್ತು. ಅದರ ಮೊದಲ ಹೆಜ್ಜೆ ಟೆಸ್ಟ್‌ಪಾರ್ಮ್. ಸಂರಚನಾ ಕಡತದಲ್ಲಿ ತಪ್ಪಿದೆಯೇ ಎಂದು ಅದು ಹೇಳುತ್ತದೆ. ತಪ್ಪಿಲ್ಲವೆಂದ ಮಾತ್ರಕ್ಕೆ ಹಂಚಿಕೆ ನಡೆಯುತ್ತದೆಂಬ ಖಾತರಿಯಿಲ್ಲ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಆಮೇಲೆ ಪಿಂಗ್, ಆಮೇಲೆ ಎಸ್‌ಎಂಬಿ ಕ್ಲೈಂಟ್, ಆಮೇಲೆ ಹೆಸರಿನ ಹುಡುಕಾಟ. ಹಿಂದಿನ ಪರೀಕ್ಷೆ ಗೆದ್ದ ಮೇಲಷ್ಟೇ ಮುಂದಿನದು.

ಹೆಸರುಗಳ ಹೊಣೆ ಹೊತ್ತ ಎನ್‌ಎಂಬಿಡಿಯ ಕಥೆ ಬೇರೆ. ಯಂತ್ರ ಏಳುವಾಗ ಜಾಲದ ಕಾರ್ಡಿಗೆ ಇನ್ನೂ ಐಪಿ ವಿಳಾಸ ಸಿಕ್ಕಿರದಿದ್ದರೆ, ಅದು ಬರಲೆಂದು ಎನ್‌ಎಂಬಿಡಿ ಕಾಯುತ್ತ ಕೂರುತ್ತದೆ. ಹೊರಗಿನಿಂದ ನೋಡುವವರಿಗೆ ಸೇವೆ ಕೆಟ್ಟಂತೆಯೇ ಕಾಣುತ್ತದೆ, ಕೆಟ್ಟಿರುವುದು ಏನೂ ಇರುವುದಿಲ್ಲ.

ವಿಂಡೋಸ್ 2000 ನೆಟ್‌ಬಯಾಸ್ ಅನ್ನು ಬದಿಗಿಟ್ಟು 445ನೇ ಪೋರ್ಟಿನಲ್ಲಿ ನೇರವಾಗಿ ಮಾತಾಡತೊಡಗಿತು. ಜೊತೆಗೆ ಇಡೀ ಜಾಲದ ಬಳಕೆದಾರರು, ಯಂತ್ರಗಳ ಲೆಕ್ಕವಿಡುವ ಆಕ್ಟಿವ್ ಡೈರೆಕ್ಟರಿ ತಂದಿತು. ಅದನ್ನು ಕದ್ದು ಕೇಳಿಯೇ ಪೂರ್ತಿ ಕಲಿಯುವುದು ಕಷ್ಟವಿತ್ತು. 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಸರ್ವರುಗಳ ಸಂವಹನದ ವಿವರ ಬಹಿರಂಗಪಡಿಸುವಂತೆ ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಡಿಸೆಂಬರಿನಲ್ಲಿ 10,000 ಯೂರೋ ಶುಲ್ಕಕ್ಕೆ ದಾಖಲೆಗಳು ಸಾಂಬಾ ತಂಡಕ್ಕೆ ದಕ್ಕುವ ಒಪ್ಪಂದವಾಯಿತು.

2012ರ ಡಿಸೆಂಬರಿನಲ್ಲಿ ಬಂದ ಸಾಂಬಾ 4.0 ಆಕ್ಟಿವ್ ಡೈರೆಕ್ಟರಿಯನ್ನು ನಡೆಸುವ ಡೊಮೈನ್ ಕಂಟ್ರೋಲರ್ ಆಗಬಲ್ಲದಾಯಿತು. ಹೊಸ ಹೊಣೆಯೊಂದಿಗೆ ಹೊಸ ವಿಘ್ನಗಳೂ ಬಂದವು. ಈ ಪಾತ್ರದಲ್ಲಿ ಅದಕ್ಕೆ ಡಿಎನ್‌ಎಸ್‌ಗೆ 53, ಕರ್ಬರಾಸ್‌ಗೆ 88, ಎಲ್‌ಡ್ಯಾಪ್‌ಗೆ 389 ಬೇಕು. ಬೇರೊಂದು ಡಿಎನ್‌ಎಸ್ ಸೇವೆ ಮೊದಲೇ ಬೇರೂರಿದ್ದರೆ 53ರಲ್ಲಿ ಘರ್ಷಣೆ ಖಚಿತ. ಹಳೆಯ ರೂಢಿಯಂತೆ ಎಸ್‌ಎಂಬಿಡಿಯನ್ನು ನೇರ ಎಬ್ಬಿಸಲು ಹೋದರೆ ಅದು ಒಪ್ಪುವುದಿಲ್ಲ: ಸಾಂಬಾ ಪ್ರಕ್ರಿಯೆಯನ್ನೇ ಆರಂಭಿಸಿ, ಬೇಕಾದರೆ ನನ್ನನ್ನು ಅದು ಎಬ್ಬಿಸುತ್ತದೆ ಎಂಬರ್ಥದ ಸಂದೇಶ ಕೊಟ್ಟು ನಿಲ್ಲುತ್ತದೆ. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಕಂಟ್ರೋಲರ್ ಸ್ಥಾಪಿಸುವವರು ಅದಕ್ಕಾಗಿಯೇ ಎಸ್‌ಎಂಬಿಡಿ, ಎನ್‌ಎಂಬಿಡಿ, ವಿನ್‌ಬೈಂಡ್ ಎಂಬ ಮೂರೂ ಬಿಡಿ ಸೇವೆಗಳನ್ನು ಮೊದಲು ನಿಲ್ಲಿಸಿ, ಆಮೇಲೆ ಸಾಂಬಾ-ಎಡಿ-ಡಿಸಿ ಸೇವೆಯನ್ನು ಚಾಲೂ ಮಾಡುತ್ತಾರೆ.