ಫ್ಲಾಪ್ ನಂತರದ ಜೋಡಿ ರಾಜರು

ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ಕೈಗೆ ಜೋಡಿ ರಾಜರು ಬಂದಾಗ ಗೆಲುವು ಖಚಿತವೆಂಬ ಭ್ರಮೆ ಸಹಜ. ಆದರೆ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಅಂದರೆ ಫ್ಲಾಪ್‌ನಲ್ಲಿ, ಎಕ್ಕ ಕಾಣಿಸುವ ಸಂಭವ ಸುಮಾರು ಶೇ. 23, ಮೂರನೆಯ ರಾಜ ದೊರೆಯುವ ಸಂಭವ ಶೇ. 12 ಮಾತ್ರ.

ಎಕ್ಕವಿಲ್ಲದೆ, ಒಂದೇ ಜಾತಿಯ ಎರಡು ಎಲೆಗಳು ಬಿದ್ದರೆ, ರಾಶಿಯ ಅರ್ಧದಷ್ಟಾದರೂ ಪಣ ಒಡ್ಡಬೇಕು. ಅದೇ ಜಾತಿಯ ಎರಡೆಲೆ ಹಿಡಿದ ಎದುರಾಳಿಗೆ ಬೇಕಾದ 9 ಎಲೆಗಳಲ್ಲೊಂದು ಮುಂದಿನ ಸರದಿಗೇ ಬರುವ ಸಂಭವ ಶೇ. 19, ಅವನು ತೆರುವ ಬೆಲೆ ಗಿಟ್ಟಲು ಶೇ. 25 ಬೇಕು. ಬಿಟ್ಟಿಯಾಗಿ ಎಲೆ ತೋರಿಸುವುದೇ ತಪ್ಪು.

ಎಕ್ಕ ಬಿದ್ದು, ಎದುರಾಳಿ ಮತ್ತೆಮತ್ತೆ ಪಣ ಏರಿಸಿದರೆ? ವೈದ್ಯನಾಗಿ ನಾನು ಕಲಿತದ್ದು ಇಷ್ಟೆ: ಹೊಸ ವರದಿ ಬಂದಾಗ ಮೊದಲ ನಿದಾನವನ್ನು ತಿದ್ದಿಕೊಳ್ಳಬೇಕು. ರಾಜರನ್ನು ಕೆಳಗಿಡಿ, ರಾಶಿಗೆ ಹಾಕಿದ ಹಣ ಆಗಲೇ ನಿಮ್ಮದಲ್ಲ.